ಲೇನ್ ಬಾಡಿಗೆ ಯೋಜನೆ (ಇಂಗ್ಲೆಂಡ್)

ಲೇನ್ ಬಾಡಿಗೆ ಯೋಜನೆ ಎಂಬುದು ಇಂಗ್ಲೆಂಡಿನ ಸ್ಥಳೀಯ ಆಡಳಿತಗಳು ರಸ್ತೆ ಕಾಮಗಾರಿಗಳಿಂದ ಉಂಟಾಗುವ ಸಂಚಾರ ಅಡಚಣೆಯನ್ನು ತಗ್ಗಿಸುವ ಉದ್ದೇಶದಿಂದ ಜಾರಿಗೊಳಿಸುವ ಶುಲ್ಕ ವ್ಯವಸ್ಥೆ. ನೀರು, ಅನಿಲ, ವಿದ್ಯುತ್ ಮತ್ತು ದೂರಸಂಪರ್ಕ ಸಂಸ್ಥೆಗಳು ನಿಗದಿತ ರಸ್ತೆಗಳಲ್ಲಿ ದಟ್ಟಣೆಯ ಸಮಯದಲ್ಲಿ ಕಾಮಗಾರಿ ನಡೆಸಿದರೆ, ರಸ್ತೆಯನ್ನು ಆಕ್ರಮಿಸಿಕೊಂಡಿರುವ ಪ್ರತಿ ದಿನಕ್ಕೂ ಗರಿಷ್ಠ 2,500 ಪೌಂಡ್‌ವರೆಗೆ ಶುಲ್ಕ ನೀಡಬೇಕಾಗುತ್ತದೆ. ಅದೇ ಕಾಮಗಾರಿಯನ್ನು ರಾತ್ರಿಯಲ್ಲಿ ಅಥವಾ ವಾಹನ ಸಂಚಾರ ವಿರಳವಾಗಿರುವ ಅವಧಿಯಲ್ಲಿ ಕೈಗೊಂಡರೆ ಶುಲ್ಕ ಕಡಿಮೆಯಾಗುತ್ತದೆ ಅಥವಾ ಸಂಪೂರ್ಣವಾಗಿ ತಪ್ಪುತ್ತದೆ.

ಈ ಶುಲ್ಕವು ರಸ್ತೆ ಅಗೆದದ್ದಕ್ಕೆ ವಿಧಿಸುವ ದಂಡವಲ್ಲ, ಅಗೆದ ರಸ್ತೆಯನ್ನು ಸರಿಪಡಿಸುವ ವೆಚ್ಚವೂ ಅಲ್ಲ. ಸಾರ್ವಜನಿಕರ ಬಳಕೆಗೆ ಇರುವ ರಸ್ತೆಯನ್ನು ಕೆಲವು ಕಾಲ ಅವರಿಗೆ ದೊರೆಯದಂತೆ ಮಾಡಿದ್ದಕ್ಕೆ ನೀಡುವ ಬಾಡಿಗೆ ಎಂಬ ಕಲ್ಪನೆಯೇ ಯೋಜನೆಯ ಹೆಸರಿಗೆ ಮೂಲ. ಶುಲ್ಕವನ್ನು ತಪ್ಪಿಸಿಕೊಳ್ಳಲು ಸಂಸ್ಥೆಗಳು ತಮ್ಮ ಕಾರ್ಯವಿಧಾನವನ್ನು ಬದಲಿಸಿಕೊಳ್ಳಲಿ ಎಂಬುದು ಇದರ ಆಶಯ. ಆದ್ದರಿಂದ ಯೋಜನೆ ಯಶಸ್ವಿಯಾದಷ್ಟೂ ಅದರಿಂದ ಬರುವ ಆದಾಯ ಕಡಿಮೆಯಾಗಬೇಕು. ಮೊದಲ ಪೂರ್ಣ ಪ್ರಮಾಣದ ಯೋಜನೆ 2012ರ ಜೂನ್‌ನಲ್ಲಿ ಲಂಡನ್ನಿನಲ್ಲಿ ಆರಂಭವಾಯಿತು.

ಹಿನ್ನೆಲೆ

ಇಂಗ್ಲೆಂಡಿನಲ್ಲಿ ಸಾರ್ವಜನಿಕ ರಸ್ತೆಗಳ ಹೊಣೆ ಹೆದ್ದಾರಿ ಪ್ರಾಧಿಕಾರಗಳದ್ದು. ಅಲ್ಲಿನ ಕಾನೂನಿನಲ್ಲಿ 'ಹೆದ್ದಾರಿ' ಎಂಬ ಪದವು ಊರಿಂದೂರಿಗೆ ಹೋಗುವ ದೊಡ್ಡ ರಸ್ತೆಗಳಿಗೆ ಮಾತ್ರ ಸೀಮಿತವಲ್ಲ. ಸಾರ್ವಜನಿಕರಿಗೆ ಸಂಚರಿಸುವ ಹಕ್ಕಿರುವ ಯಾವುದೇ ಮಾರ್ಗವೂ ಹೆದ್ದಾರಿಯೇ. ಬಹುಪಾಲು ರಸ್ತೆಗಳಿಗೆ ಕೌಂಟಿ ಕೌನ್ಸಿಲ್, ನಗರ ಕೌನ್ಸಿಲ್ ಅಥವಾ ಲಂಡನ್ನಿನ ಬರೋ ಕೌನ್ಸಿಲ್‌ಗಳೇ ಹೆದ್ದಾರಿ ಪ್ರಾಧಿಕಾರಗಳಾಗಿವೆ. ಲಂಡನ್ನಿನ ಪ್ರಮುಖ ರಸ್ತೆಗಳನ್ನು ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್ ಸಂಸ್ಥೆಯೂ, ಮೋಟಾರುಮಾರ್ಗಗಳು ಮತ್ತು ರಾಷ್ಟ್ರೀಯ ಪ್ರಾಮುಖ್ಯದ ರಸ್ತೆಗಳನ್ನು ನ್ಯಾಷನಲ್ ಹೈವೇಸ್ ಸಂಸ್ಥೆಯೂ ನಿರ್ವಹಿಸುತ್ತವೆ.

ರಸ್ತೆಯ ಮೇಲ್ಮೈ ಕೌನ್ಸಿಲ್‌ನ ಹೊಣೆಯಾದರೂ ಅದರ ಅಡಿಯಲ್ಲಿರುವ ಕೊಳವೆಗಳು ಮತ್ತು ತಂತಿಗಳು ಹಲವು ಪ್ರತ್ಯೇಕ ಸಂಸ್ಥೆಗಳಿಗೆ ಸೇರಿವೆ. ಇವುಗಳಲ್ಲಿ ಹೆಚ್ಚಿನವು ಖಾಸಗಿ ಕಂಪನಿಗಳು. ಅವುಗಳಿಗೆ ರಸ್ತೆಯನ್ನು ಅಗೆದು ತಮ್ಮ ಜಾಲವನ್ನು ಅಳವಡಿಸುವ ಮತ್ತು ದುರಸ್ತಿ ಮಾಡುವ ಹಕ್ಕನ್ನು ಕಾನೂನೇ ನೀಡಿದೆ. ಹೀಗಾಗಿ ಕೌನ್ಸಿಲ್ ಕಾಮಗಾರಿಯ ಸಮಯವನ್ನು ಹೊಂದಿಸಬಹುದು, ಷರತ್ತುಗಳನ್ನು ವಿಧಿಸಬಹುದು. ಆದರೆ ಅಗತ್ಯ ಕಾಮಗಾರಿಯನ್ನು ಬೇಡವೆಂದು ತಡೆಹಿಡಿಯುವ ಅಧಿಕಾರ ಅದಕ್ಕೆ ಸಾಮಾನ್ಯವಾಗಿ ಇರುವುದಿಲ್ಲ.

ಕಾಮಗಾರಿಗಳ ಒತ್ತಡಕ್ಕೆ ಹಲವು ಕಾರಣಗಳಿವೆ. ಲಂಡನ್ನಿನಂತಹ ನಗರಗಳಲ್ಲಿ ವಿಕ್ಟೋರಿಯಾ ರಾಣಿಯ ಕಾಲದ ನೀರಿನ ಕೊಳವೆಗಳು ಇನ್ನೂ ಬಳಕೆಯಲ್ಲಿದ್ದು ಆಗಾಗ ಸೋರುತ್ತವೆ. ಹಳೆಯ ಕಬ್ಬಿಣದ ಅನಿಲ ಕೊಳವೆಗಳ ಬದಲಿಗೆ ಪ್ಲಾಸ್ಟಿಕ್ ಕೊಳವೆಗಳನ್ನು ಹಾಕುವ ರಾಷ್ಟ್ರವ್ಯಾಪಿ ಸುರಕ್ಷತಾ ಕಾರ್ಯಕ್ರಮವು 2002ರಿಂದ ನಡೆಯುತ್ತಿದೆ. ಇವುಗಳೊಂದಿಗೆ ಫೈಬರ್ ಅಂತರ್ಜಾಲ ಸಂಪರ್ಕಕ್ಕಾಗಿ ಕೇಬಲ್ ಅಳವಡಿಸುವ ಕೆಲಸವೂ ಸೇರಿಕೊಂಡಿದೆ. ಇಂಗ್ಲೆಂಡಿನಲ್ಲಿ ವರ್ಷಕ್ಕೆ ಸುಮಾರು 25 ಲಕ್ಷ ರಸ್ತೆ ಕಾಮಗಾರಿಗಳು ನಡೆಯುತ್ತವೆ ಎಂದೂ, ಅವುಗಳ ದಟ್ಟಣೆಯಿಂದ ಅರ್ಥವ್ಯವಸ್ಥೆಗೆ ವರ್ಷಕ್ಕೆ ಸುಮಾರು 400 ಕೋಟಿ ಪೌಂಡ್ ಹೊರೆ ಬೀಳುತ್ತದೆ ಎಂದೂ ಬ್ರಿಟನ್ನಿನ ಸಾರಿಗೆ ಇಲಾಖೆ 2018ರ ಸುಮಾರಿಗೆ ಅಂದಾಜಿಸಿತ್ತು.

ಆರ್ಥಿಕ ತತ್ತ್ವ

ಒಂದು ಸಂಸ್ಥೆ ರಸ್ತೆಯ ಒಂದು ಪಥವನ್ನು ಮುಚ್ಚಿ ಕೆಲಸ ಮಾಡಿದಾಗ ಅದರ ಲೆಕ್ಕಪುಸ್ತಕದಲ್ಲಿ ಕಾರ್ಮಿಕರ ಕೂಲಿ, ಯಂತ್ರಗಳ ಬಾಡಿಗೆ, ಡಾಂಬರಿನ ಬೆಲೆ ಮೊದಲಾದವು ದಾಖಲಾಗುತ್ತವೆ. ತಡವಾದ ಬಸ್ಸುಗಳು, ವಾಹನಗಳ ಸಾಲಿನಲ್ಲಿ ಕಾದ ಪ್ರಯಾಣಿಕರ ಸಮಯ, ವ್ಯರ್ಥವಾದ ಇಂಧನ, ಗಿರಾಕಿಗಳನ್ನು ಕಳೆದುಕೊಂಡ ಅಂಗಡಿಗಳ ನಷ್ಟ ಇವು ಯಾವುವೂ ಅಲ್ಲಿ ಕಾಣಿಸುವುದಿಲ್ಲ. ಒಬ್ಬರ ಚಟುವಟಿಕೆಯಿಂದ ಅದಕ್ಕೆ ಸಂಬಂಧವಿಲ್ಲದ ಮತ್ತೊಬ್ಬರ ಮೇಲೆ ಬೀಳುವ ಇಂತಹ ಹೊರೆಯನ್ನು ಅರ್ಥಶಾಸ್ತ್ರದಲ್ಲಿ ಬಾಹ್ಯ ವೆಚ್ಚ ಎನ್ನುತ್ತಾರೆ. ಬಾಹ್ಯ ವೆಚ್ಚಕ್ಕೆ ತೆರಿಗೆ ಅಥವಾ ಶುಲ್ಕದ ಮೂಲಕ ಬೆಲೆ ಕಟ್ಟಬೇಕೆಂಬ ವಿಚಾರವನ್ನು ಇಂಗ್ಲಿಷ್ ಅರ್ಥಶಾಸ್ತ್ರಜ್ಞ ಆರ್ಥರ್ ಪಿಗೂ 1920ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಮಂಡಿಸಿದ್ದನು. ಲೇನ್ ಬಾಡಿಗೆಯು ಅದೇ ವಿಚಾರದ ಅನ್ವಯವಾಗಿದೆ.

ಇದನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ವಿವರಿಸಬಹುದು. ಒಂದು ಕೊಳವೆಯನ್ನು ಬದಲಿಸಲು ಹಗಲಿನಲ್ಲಿ ನಾಲ್ಕು ದಿನ ಬೇಕಾಗುತ್ತದೆ ಎಂದುಕೊಂಡರೆ, ದಿನಕ್ಕೆ 2,500 ಪೌಂಡ್ ದರದಲ್ಲಿ ಬಾಡಿಗೆ 10,000 ಪೌಂಡ್ ಆಗುತ್ತದೆ. ಅದೇ ಕೆಲಸವನ್ನು ಶುಲ್ಕರಹಿತ ರಾತ್ರಿ ವೇಳೆಯಲ್ಲಿ ಮಾಡಲು ಹೆಚ್ಚುವರಿ ಕೂಲಿ ಮತ್ತು ದೀಪದ ವ್ಯವಸ್ಥೆ ಸೇರಿ 6,000 ಪೌಂಡ್ ಅಧಿಕ ವೆಚ್ಚವಾದರೂ ಸಂಸ್ಥೆಗೆ 4,000 ಪೌಂಡ್ ಉಳಿಯುತ್ತದೆ. ಶುಲ್ಕವಿಲ್ಲದಿದ್ದರೆ ಹಗಲಿನ ಕೆಲಸವೇ ಸಂಸ್ಥೆಗೆ ಅಗ್ಗ. ಅದರ ಅನನುಕೂಲವನ್ನು ರಸ್ತೆ ಬಳಸುವವರು ಹೊರಬೇಕಾಗುತ್ತದೆ.

ಕಾನೂನಿನ ಬೆಳವಣಿಗೆ

ರಸ್ತೆ ಅಗೆತವನ್ನು ನಿಯಂತ್ರಿಸುವ ಮೊದಲ ಸಮಗ್ರ ಕಾನೂನು 1950ರ ಸಾರ್ವಜನಿಕ ಸೇವಾ ಸಂಸ್ಥೆಗಳ ಬೀದಿ ಕಾಮಗಾರಿ ಕಾಯ್ದೆ. ಇದರ ಲೋಪಗಳನ್ನು ಪರಿಶೀಲಿಸಲು ಪ್ರಾಧ್ಯಾಪಕ ಮೈಕೇಲ್ ಹಾರ್ನ್ ಅವರ ಅಧ್ಯಕ್ಷತೆಯಲ್ಲಿ ರಚಿಸಲಾದ ಸಮಿತಿಯು 1985ರಲ್ಲಿ ವರದಿ ನೀಡಿತು. ಅದರ ಆಧಾರದ ಮೇಲೆ 1991ರ ಹೊಸ ರಸ್ತೆಗಳು ಮತ್ತು ಬೀದಿ ಕಾಮಗಾರಿಗಳ ಕಾಯ್ದೆ ರೂಪುಗೊಂಡಿತು. ಕಾಮಗಾರಿಗಳನ್ನು ಸಮನ್ವಯಗೊಳಿಸುವ ಕರ್ತವ್ಯವನ್ನು ಈ ಕಾಯ್ದೆ ಪ್ರಾಧಿಕಾರಗಳಿಗೆ ವಹಿಸಿತು. ಅವುಗಳೊಂದಿಗೆ ಸಹಕರಿಸುವ ಮತ್ತು ಅಗೆದ ರಸ್ತೆಯನ್ನು ಸ್ವತಃ ಸರಿಪಡಿಸುವ ಹೊಣೆಯನ್ನು ಸೇವಾ ಸಂಸ್ಥೆಗಳಿಗೆ ನೀಡಿತು. ಸರಿಪಡಿಸಿದ ಭಾಗಕ್ಕೆ ಸಂಸ್ಥೆಯು ಸಾಮಾನ್ಯವಾಗಿ ಎರಡು ವರ್ಷ, ಆಳವಾದ ಅಗೆತವಾದರೆ ಮೂರು ವರ್ಷ ಖಾತರಿ ನೀಡಬೇಕು.

ಇದೇ ಕಾಯ್ದೆಯ 74ನೆಯ ಪ್ರಕರಣವು ಒಪ್ಪಿದ ಅವಧಿಯನ್ನು ಮೀರಿ ರಸ್ತೆಯನ್ನು ಆಕ್ರಮಿಸಿಕೊಂಡ ಸಂಸ್ಥೆಗಳಿಂದ ವಿಳಂಬ ಶುಲ್ಕ ಪಡೆಯಲು ಅವಕಾಶ ಕಲ್ಪಿಸಿತು. ಇಂಗ್ಲೆಂಡಿನಲ್ಲಿ ಇದು 2001ರಿಂದ ಜಾರಿಗೆ ಬಂದಿತು. ಆದರೆ ವಿಳಂಬ ಶುಲ್ಕಕ್ಕೆ ಒಂದು ಮಿತಿಯಿತ್ತು. ಹತ್ತು ದಿನಗಳ ಅವಧಿಯನ್ನು ಪಡೆದ ಸಂಸ್ಥೆ ಆ ಹತ್ತು ದಿನವೂ ರಸ್ತೆಯನ್ನು ಉಚಿತವಾಗಿ ಬಳಸಬಹುದಾಗಿತ್ತು. ಎಂಟೇ ದಿನಗಳಲ್ಲಿ ಮುಗಿಸಿದರೆ ಅದಕ್ಕೆ ಯಾವ ಲಾಭವೂ ಇರಲಿಲ್ಲ. ಈ ಕೊರತೆಯನ್ನು ನೀಗಿಸಲು 2000ದ ಸಾರಿಗೆ ಕಾಯ್ದೆಯು 1991ರ ಕಾಯ್ದೆಗೆ 74ಎ ಪ್ರಕರಣವನ್ನು ಸೇರಿಸಿ, ಕಾಮಗಾರಿಯ ಮೊದಲ ದಿನದಿಂದಲೇ ಶುಲ್ಕ ವಿಧಿಸಲು ದಾರಿ ಮಾಡಿತು. ಲೇನ್ ಬಾಡಿಗೆಗೆ ಈ ಪ್ರಕರಣವೇ ಕಾನೂನಿನ ಆಧಾರ.

ಆರಂಭಿಕ ಪ್ರಯೋಗ ಮತ್ತು ಪರವಾನಗಿ ಪದ್ಧತಿ

ಹೊಸ ಅಧಿಕಾರವನ್ನು ಮೊದಲಿಗೆ ಲಂಡನ್ನಿನ ಕ್ಯಾಮ್ಡೆನ್ ಬರೋ ಹಾಗೂ ಈಶಾನ್ಯ ಇಂಗ್ಲೆಂಡಿನ ಮಿಡಲ್ಸ್‌ಬರೋದಲ್ಲಿ 2002ರಿಂದ 2004ರವರೆಗೆ ಪ್ರಾಯೋಗಿಕವಾಗಿ ಬಳಸಲಾಯಿತು. ಈ ಪ್ರಯೋಗಗಳು ನಿರೀಕ್ಷಿಸಿದಷ್ಟು ಸ್ಪಷ್ಟವಾದ ಪ್ರಯೋಜನವನ್ನು ತೋರಲಿಲ್ಲ. ಸರ್ಕಾರವು ಲೇನ್ ಬಾಡಿಗೆಯನ್ನು ಬದಿಗಿರಿಸಿ, 2004ರ ಸಂಚಾರ ನಿರ್ವಹಣಾ ಕಾಯ್ದೆಯ ಮೂಲಕ ಪರವಾನಗಿ ಪದ್ಧತಿಯತ್ತ ಹೊರಳಿತು.

ಅದುವರೆಗೆ ಸಂಸ್ಥೆಗಳು ಕಾಮಗಾರಿಯ ಬಗ್ಗೆ ಪ್ರಾಧಿಕಾರಕ್ಕೆ ಸೂಚನೆ ನೀಡಿದರೆ ಸಾಕಾಗಿತ್ತು. ಪರವಾನಗಿ ಪದ್ಧತಿಯಲ್ಲಿ ಅವು ಮುಂಚಿತವಾಗಿ ಅರ್ಜಿ ಸಲ್ಲಿಸಿ, ದಿನಾಂಕ, ವೇಳೆ ಮತ್ತು ಸಂಚಾರ ವ್ಯವಸ್ಥೆಯ ಷರತ್ತುಗಳಿಗೆ ಒಪ್ಪಿಗೆ ಪಡೆಯಬೇಕು. ಇಂತಹ ಮೊದಲ ಯೋಜನೆಗಳು 2010ರ ಜನವರಿಯಲ್ಲಿ ಲಂಡನ್ ಮತ್ತು ಕೆಂಟ್ ಕೌಂಟಿಯಲ್ಲಿ ಆರಂಭವಾದವು. ಪರವಾನಗಿ ಶುಲ್ಕವು ಅರ್ಜಿಯ ಪರಿಶೀಲನೆಗೆ ತಗಲುವ ಆಡಳಿತ ವೆಚ್ಚವನ್ನು ಮೀರುವಂತಿಲ್ಲ. ಅದು ಒಂದು ಪರವಾನಗಿಗೆ ಒಮ್ಮೆ ಪಾವತಿಸುವ ಮೊತ್ತವಾದ್ದರಿಂದ, ಕಾಮಗಾರಿಯನ್ನು ಬೇಗ ಮುಗಿಸಲು ಅದೊಂದೇ ಪ್ರೇರಣೆಯಾಗುವುದಿಲ್ಲ. ಇದೇ ಕಾರಣಕ್ಕೆ ಕೆಲವೇ ವರ್ಷಗಳಲ್ಲಿ ಲೇನ್ ಬಾಡಿಗೆಯ ವಿಚಾರ ಮತ್ತೆ ಮುನ್ನೆಲೆಗೆ ಬಂದಿತು.

ಲಂಡನ್ ಮತ್ತು ಕೆಂಟ್

2012ರಲ್ಲಿ ಸರ್ಕಾರವು 74ಎ ಪ್ರಕರಣದ ಅಡಿಯಲ್ಲಿ ಹೊಸ ನಿಯಮಗಳನ್ನು ರೂಪಿಸಿತು. ಅದೇ ವರ್ಷದ ಜೂನ್ 11ರಂದು, ಲಂಡನ್ ಒಲಿಂಪಿಕ್ಸ್‌ಗೆ ಸುಮಾರು ಆರು ವಾರಗಳ ಮುನ್ನ, ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್‌ನ ಯೋಜನೆ ಜಾರಿಗೆ ಬಂದಿತು. ಈ ಸಂಸ್ಥೆಯ ಅಧೀನದಲ್ಲಿರುವ, 'ಕೆಂಪು ಮಾರ್ಗ'ಗಳೆಂದು ಕರೆಯಲಾಗುವ ಸುಮಾರು 580 ಕಿಲೋಮೀಟರ್ ರಸ್ತೆಗಳು ನಗರದ ಒಟ್ಟು ರಸ್ತೆಗಳ ಶೇಕಡ 5ರಷ್ಟು ಮಾತ್ರ. ಆದರೆ ನಗರದ ವಾಹನ ಸಂಚಾರದ ಸುಮಾರು ಮೂರನೆಯ ಒಂದು ಭಾಗ ಇವುಗಳ ಮೇಲೆಯೇ ಸಾಗುತ್ತದೆ. ಆರಂಭದಲ್ಲಿ ಈ ಜಾಲದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಭಾಗಕ್ಕೆ ಯೋಜನೆ ಅನ್ವಯವಾಯಿತು. ರಸ್ತೆಯ ಪ್ರಾಮುಖ್ಯಕ್ಕೆ ಅನುಗುಣವಾಗಿ ದಿನಕ್ಕೆ 800 ಪೌಂಡ್ ಮತ್ತು 2,500 ಪೌಂಡ್ ಎಂಬ ದರಗಳನ್ನು ನಿಗದಿಪಡಿಸಲಾಯಿತು. ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್ ತಾನೇ ನಡೆಸುವ ಕಾಮಗಾರಿಗಳನ್ನೂ ಯೋಜನೆಯ ವ್ಯಾಪ್ತಿಗೆ ಸೇರಿಸಿತು.

ಎರಡನೆಯ ಯೋಜನೆ 2013ರಲ್ಲಿ ಕೆಂಟ್ ಕೌಂಟಿಯಲ್ಲಿ ಆರಂಭವಾಯಿತು. ಲಂಡನ್ ಮಹಾನಗರವಾದರೆ, ಕೆಂಟ್ ಚಿಕ್ಕ ಪಟ್ಟಣಗಳು ಮತ್ತು ಗ್ರಾಮಗಳ ನಡುವೆ ಬಂದರುಗಳತ್ತ ಸಾಗುವ ಮಾರ್ಗಗಳನ್ನು ಹೊಂದಿರುವ ಪ್ರದೇಶ. ಎರಡು ಭಿನ್ನ ಪರಿಸರಗಳಲ್ಲಿ ಶುಲ್ಕದ ಪರಿಣಾಮವನ್ನು ಹೋಲಿಸಿ ನೋಡಲು ಇದು ಅವಕಾಶ ನೀಡಿತು.

ಈ ಯೋಜನೆಗಳ ಅನುಭವದ ನಂತರ, ಲೇನ್ ಬಾಡಿಗೆಯಿರುವ ರಸ್ತೆಗಳಲ್ಲಿ ಕಾಮಗಾರಿಯಿಂದ ಉಂಟಾಗುವ ತೀವ್ರ ದಟ್ಟಣೆ ಅರ್ಧದಷ್ಟು ಇಳಿದಿದೆ ಎಂದು ಸಾರಿಗೆ ಇಲಾಖೆ 2018ರಲ್ಲಿ ತಿಳಿಸಿತು. ಸಂಸ್ಥೆಗಳು ಕಾಮಗಾರಿಯ ಅವಧಿಯನ್ನು ತಗ್ಗಿಸಿದ್ದು, ದಟ್ಟಣೆಯಿಲ್ಲದ ವೇಳೆಗೆ ಕೆಲಸವನ್ನು ಬದಲಿಸಿದ್ದು ಮತ್ತು ಒಂದೇ ಸ್ಥಳದಲ್ಲಿ ಬೇರೆ ಸಂಸ್ಥೆಗಳೊಂದಿಗೆ ಸೇರಿ ಕೆಲಸ ಮಾಡಿದ್ದು ಇದಕ್ಕೆ ಕಾರಣಗಳೆಂದು ಹೇಳಲಾಯಿತು. ಅದೇ ವರ್ಷ ಇಂಗ್ಲೆಂಡಿನ ಇತರ ಪ್ರಾಧಿಕಾರಗಳಿಗೂ ಯೋಜನೆಗೆ ಅರ್ಜಿ ಸಲ್ಲಿಸಲು ಅವಕಾಶ ನೀಡಲಾಯಿತು. ಸರ್ರೆ ಕೌಂಟಿಯ ಯೋಜನೆ 2021ರಲ್ಲಿ ಆರಂಭವಾಯಿತು. ನಂತರ ಮತ್ತೆ ಕೆಲವು ಕೌಂಟಿಗಳು ಇದೇ ಹಾದಿ ಹಿಡಿದವು.

ಕಾರ್ಯವಿಧಾನ

ಲೇನ್ ಬಾಡಿಗೆಯನ್ನು ಜಾರಿಗೊಳಿಸಲು ಬಯಸುವ ಪ್ರಾಧಿಕಾರವು ಈಗಾಗಲೇ ಪರವಾನಗಿ ಯೋಜನೆಯನ್ನು ಸಮರ್ಪಕವಾಗಿ ನಡೆಸುತ್ತಿರಬೇಕು. ಅದು ಸೇವಾ ಸಂಸ್ಥೆಗಳೂ ಸೇರಿದಂತೆ ಸಂಬಂಧಪಟ್ಟವರ ಅಭಿಪ್ರಾಯ ಪಡೆದು, ಯೋಜನೆಯ ವೆಚ್ಚ ಮತ್ತು ಪ್ರಯೋಜನಗಳ ವಿಶ್ಲೇಷಣೆಯೊಂದಿಗೆ ಪ್ರಸ್ತಾವ ಸಲ್ಲಿಸಬೇಕು. 2012ರ ನಿಯಮಗಳ ಅನುಸಾರ ರೂಪುಗೊಂಡ ಯೋಜನೆಗಳಿಗೆ ಸಾರಿಗೆ ಸಚಿವರ ಒಪ್ಪಿಗೆ ಅಗತ್ಯವಾಗಿತ್ತು.

ಯೋಜನೆಯನ್ನು ಪ್ರಾಧಿಕಾರದ ಎಲ್ಲ ರಸ್ತೆಗಳಿಗೂ ಅನ್ವಯಿಸುವುದಿಲ್ಲ. ಅಡಚಣೆಯ ಪರಿಣಾಮ ಅತ್ಯಧಿಕವಾಗಿರುವ ಸಣ್ಣ ಪ್ರಮಾಣದ ರಸ್ತೆಗಳನ್ನು ಮಾತ್ರ ಆಯ್ಕೆ ಮಾಡಲಾಗುತ್ತದೆ. 'ಸಂಚಾರ ಸೂಕ್ಷ್ಮ' ಎಂದು ಘೋಷಿತವಾದ ರಸ್ತೆಗಳು ಈ ಆಯ್ಕೆಗೆ ಆಧಾರವಾಗುತ್ತವೆ. ಪ್ರತಿ ಪಥದಲ್ಲಿ ಗಂಟೆಗೆ 500ಕ್ಕಿಂತ ಹೆಚ್ಚು ವಾಹನಗಳು ಸಾಗುವುದು ಅಥವಾ ಗಂಟೆಗೆ ಎಂಟಕ್ಕಿಂತ ಹೆಚ್ಚು ಬಸ್ಸುಗಳು ಸಂಚರಿಸುವುದು ಇಂತಹ ಘೋಷಣೆಗೆ ಇರುವ ಮಾನದಂಡಗಳಲ್ಲಿ ಸೇರಿವೆ.

ಕಾಮಗಾರಿಗಳನ್ನು ಅವುಗಳ ಅವಧಿ ಮತ್ತು ತುರ್ತಿಗೆ ಅನುಗುಣವಾಗಿ ಹೀಗೆ ವಿಂಗಡಿಸಲಾಗುತ್ತದೆ:

- ಪ್ರಮುಖ ಕಾಮಗಾರಿ: ಹತ್ತು ದಿನಗಳಿಗಿಂತ ಹೆಚ್ಚು ಅವಧಿಯದ್ದು, ಅಥವಾ ರಸ್ತೆ ಮುಚ್ಚುವುದೇ ಮೊದಲಾದ ತಾತ್ಕಾಲಿಕ ಸಂಚಾರ ಆದೇಶದ ಅಗತ್ಯವಿರುವಂಥದ್ದು. ಇದಕ್ಕೆ ಸಾಮಾನ್ಯವಾಗಿ ಮೂರು ತಿಂಗಳು ಮುಂಚಿತವಾಗಿ ತಿಳಿಸಬೇಕು.
- ಸಾಧಾರಣ ಕಾಮಗಾರಿ: ನಾಲ್ಕರಿಂದ ಹತ್ತು ದಿನಗಳ ಅವಧಿಯದ್ದು. ಹತ್ತು ದಿನ ಮುಂಚಿತವಾಗಿ ಅರ್ಜಿ ಸಲ್ಲಿಸಬೇಕು.
- ಚಿಕ್ಕ ಕಾಮಗಾರಿ: ಮೂರು ದಿನ ಅಥವಾ ಅದಕ್ಕಿಂತ ಕಡಿಮೆ ಅವಧಿಯದ್ದು. ಮೂರು ದಿನ ಮುಂಚಿತವಾಗಿ ಅರ್ಜಿ ಸಲ್ಲಿಸಬೇಕು.
- ತಕ್ಷಣದ ಕಾಮಗಾರಿ: ಅನಿಲ ಸೋರಿಕೆ, ನೀರಿನ ಕೊಳವೆ ಒಡೆಯುವುದು ಮೊದಲಾದ ತುರ್ತು ಸಂದರ್ಭಗಳಿಗೆ ಸಂಬಂಧಿಸಿದ್ದು. ಕೆಲಸ ಆರಂಭಿಸಿದ ಎರಡು ಗಂಟೆಗಳ ಒಳಗೆ ತಿಳಿಸಿದರೆ ಸಾಕು.

ಅರ್ಜಿ, ಅನುಮತಿ ಮತ್ತು ಕಾಮಗಾರಿಯ ಪ್ರಗತಿಯ ಮಾಹಿತಿ ಸ್ಟ್ರೀಟ್ ಮ್ಯಾನೇಜರ್ ಎಂಬ ಸರ್ಕಾರಿ ಡಿಜಿಟಲ್ ವ್ಯವಸ್ಥೆಯ ಮೂಲಕ ವಿನಿಮಯವಾಗುತ್ತದೆ. ಇದು 2020ರ ಜುಲೈನಿಂದ ಬಳಕೆಯಲ್ಲಿದೆ. ಕಾಮಗಾರಿ ಯಾವಾಗ ಆರಂಭವಾಯಿತು, ಯಾವಾಗ ಮುಗಿಯಿತು ಎಂಬ ದಾಖಲೆಯೇ ದಿನದ ಬಾಡಿಗೆಯ ಲೆಕ್ಕಕ್ಕೆ ಮೂಲವಾದ್ದರಿಂದ ಈ ಮಾಹಿತಿಯ ನಿಖರತೆ ಮುಖ್ಯವಾಗುತ್ತದೆ.

ಶುಲ್ಕವನ್ನು ತಪ್ಪಿಸುವ ಅಥವಾ ಕಡಿಮೆ ಮಾಡಿಕೊಳ್ಳುವ ನೈಜ ಅವಕಾಶ ಸಂಸ್ಥೆಗಳಿಗೆ ಇರಬೇಕೆಂಬುದು ಯೋಜನೆಯ ಮೂಲ ನಿಯಮಗಳಲ್ಲಿ ಒಂದು. ಆದ್ದರಿಂದ ದಟ್ಟಣೆಯಿಲ್ಲದ ಗಂಟೆಗಳನ್ನು ಶುಲ್ಕದಿಂದ ಹೊರಗಿಡಲಾಗುತ್ತದೆ. ವಾಹನ ಪಥಕ್ಕೆ ಅಡ್ಡಿಯಾಗದಂತೆ ಪಾದಚಾರಿ ಮಾರ್ಗದಲ್ಲಿ ಅಥವಾ ರಸ್ತೆ ಅಂಚಿನ ಹುಲ್ಲುಪಟ್ಟಿಯಲ್ಲಿ ನಡೆಯುವ ಕಾಮಗಾರಿಗೂ ಸಾಮಾನ್ಯವಾಗಿ ಶುಲ್ಕವಿರುವುದಿಲ್ಲ.

ಇತರ ಶುಲ್ಕಗಳಿಂದ ಇರುವ ವ್ಯತ್ಯಾಸ

ರಸ್ತೆ ಕಾಮಗಾರಿಗೆ ಸಂಬಂಧಿಸಿದ ಹಲವು ಪಾವತಿಗಳು ಇಂಗ್ಲೆಂಡಿನಲ್ಲಿ ಏಕಕಾಲದಲ್ಲಿ ಚಾಲ್ತಿಯಲ್ಲಿವೆ. ಅವುಗಳ ಉದ್ದೇಶಗಳು ಬೇರೆ ಬೇರೆ.

- ಪರವಾನಗಿ ಶುಲ್ಕ: ಅರ್ಜಿಯ ಪರಿಶೀಲನೆ ಮತ್ತು ಸಮನ್ವಯದ ವೆಚ್ಚವನ್ನು ಭರಿಸಲು. ಪ್ರಮುಖ ಕಾಮಗಾರಿಯ ಪರವಾನಗಿಗೆ ನಿಯಮಗಳು ನಿಗದಿಪಡಿಸಿದ ಗರಿಷ್ಠ ಮೊತ್ತ 240 ಪೌಂಡ್.
- ವಿಳಂಬ ಶುಲ್ಕ: ಒಪ್ಪಿದ ಅವಧಿ ಮೀರಿದ ದಿನಗಳಿಗೆ ಮಾತ್ರ. ಅತ್ಯಂತ ದಟ್ಟಣೆಯ ರಸ್ತೆಗಳಲ್ಲಿ ಇದು ದಿನಕ್ಕೆ 10,000 ಪೌಂಡ್ ತಲುಪಬಹುದು.
- ನಿಗದಿತ ದಂಡ: ಪರವಾನಗಿ ಇಲ್ಲದೆ ಕೆಲಸ ಮಾಡುವುದು, ಷರತ್ತುಗಳನ್ನು ಮುರಿಯುವುದು, ಸೂಚನೆ ನೀಡದಿರುವುದು ಮೊದಲಾದ ತಪ್ಪುಗಳಿಗೆ.
- ತಪಾಸಣಾ ಶುಲ್ಕ: ಕಾಮಗಾರಿ ಮತ್ತು ಸರಿಪಡಿಸಿದ ರಸ್ತೆಯನ್ನು ಪ್ರಾಧಿಕಾರ ಪರಿಶೀಲಿಸುವುದಕ್ಕೆ.
- ಲೇನ್ ಬಾಡಿಗೆ: ಎಲ್ಲ ಅನುಮತಿಗಳಿದ್ದು, ಎಲ್ಲ ನಿಯಮಗಳನ್ನು ಪಾಲಿಸಿದ್ದರೂ ದಟ್ಟಣೆಯ ಸಮಯದಲ್ಲಿ ರಸ್ತೆಯನ್ನು ಆಕ್ರಮಿಸಿದ್ದಕ್ಕೆ.

ಬೆಂಗಳೂರು ಸೇರಿದಂತೆ ಭಾರತದ ನಗರಗಳಲ್ಲಿ ರಸ್ತೆ ಅಗೆತಕ್ಕೆ ಅನುಮತಿ ನೀಡುವಾಗ ಸ್ಥಳೀಯ ಸಂಸ್ಥೆಗಳು ಪಡೆಯುವ ಶುಲ್ಕದೊಂದಿಗೆ ಲೇನ್ ಬಾಡಿಗೆಯನ್ನು ಸಮೀಕರಿಸುವುದು ಸರಿಯಲ್ಲ. ಭಾರತದ ಶುಲ್ಕವು ಮುಖ್ಯವಾಗಿ ಅಗೆದ ಭಾಗದ ಅಳತೆಯನ್ನೂ ಅದನ್ನು ಮರಳಿ ನಿರ್ಮಿಸುವ ವೆಚ್ಚವನ್ನೂ ಆಧರಿಸಿರುತ್ತದೆ. ಲೇನ್ ಬಾಡಿಗೆಯು ಅಗೆತದ ಅಳತೆಯನ್ನು ಲೆಕ್ಕಿಸದೆ, ರಸ್ತೆ ಸಂಚಾರಕ್ಕೆ ದೊರೆಯದೇ ಹೋದ ಸಮಯವನ್ನು ಲೆಕ್ಕಿಸುತ್ತದೆ.

ಕಾಮಗಾರಿ ವಿಧಾನಗಳ ಮೇಲೆ ಪರಿಣಾಮ

ಸಮಯಕ್ಕೆ ಬೆಲೆ ಬಂದ ನಂತರ ಸಮಯ ಉಳಿಸುವ ತಂತ್ರಗಳಿಗೂ ಬೆಲೆ ಬಂದಿತು. ರಾತ್ರಿ ಕೆಲಸ ಮಾಡಿ ಹಗಲಿನಲ್ಲಿ ಗುಂಡಿಯ ಮೇಲೆ ಉಕ್ಕಿನ ಹಲಗೆ ಮುಚ್ಚಿ ವಾಹನಗಳನ್ನು ಬಿಡುವುದು ಇಂತಹ ವಿಧಾನಗಳಲ್ಲಿ ಒಂದು. ಬೇಗ ಗಟ್ಟಿಯಾಗುವ ಕಾಂಕ್ರೀಟ್ ಮತ್ತು ಇತರ ತುಂಬು ಸಾಮಗ್ರಿಗಳನ್ನು ಬಳಸಿದರೆ, ರಸ್ತೆ ಗಟ್ಟಿಯಾಗಲೆಂದು ಕಾಯುವ ದಿನಗಳು ಕಡಿಮೆಯಾಗುತ್ತವೆ.

ಕಿಂಡಿ ಅಗೆತ ಎಂದು ಕರೆಯಬಹುದಾದ ಮತ್ತೊಂದು ವಿಧಾನದಲ್ಲಿ ರಸ್ತೆಯಲ್ಲಿ ವೃತ್ತಾಕಾರದ ಚಿಕ್ಕ ರಂಧ್ರ ಕೊರೆದು, ಒಳಗಿನ ಮಣ್ಣನ್ನು ನಿರ್ವಾತ ಯಂತ್ರದಿಂದ ಹೀರಿ ತೆಗೆದು, ಉದ್ದ ಹಿಡಿಕೆಯ ಸಲಕರಣೆಗಳಿಂದ ಮೇಲಿನಿಂದಲೇ ದುರಸ್ತಿ ಮಾಡಲಾಗುತ್ತದೆ. ಕೊರೆದು ತೆಗೆದ ರಸ್ತೆಯ ತುಂಡನ್ನೇ ಮತ್ತೆ ಅದೇ ಜಾಗದಲ್ಲಿ ಕೂರಿಸಬಹುದು. ಹಳೆಯ ಎರಕದ ಕಬ್ಬಿಣದ ಅನಿಲ ಕೊಳವೆಗಳ ಒಳಗೆ ಚಲಿಸುತ್ತ ಜೋಡಣೆಗಳ ಸೋರಿಕೆಯನ್ನು ಮುಚ್ಚುವ ರೋಬಾಟ್‌ಗಳು ಕೂಡ ಬಳಕೆಗೆ ಬಂದಿವೆ. ಒಂದೇ ಗುಂಡಿಯಿಂದ ಕೊಳವೆಯ ಉದ್ದಕ್ಕೂ ಅನೇಕ ಜೋಡಣೆಗಳನ್ನು ಸರಿಪಡಿಸಲು ಇವುಗಳಿಂದ ಸಾಧ್ಯವಾಗುತ್ತದೆ.

ಆದಾಯದ ಬಳಕೆ

ಲೇನ್ ಬಾಡಿಗೆಯ ಮೊತ್ತದಿಂದ ಯೋಜನೆಯ ನಿರ್ವಹಣೆ ಮತ್ತು ಮೌಲ್ಯಮಾಪನದ ವೆಚ್ಚವನ್ನು ಕಳೆದು ಉಳಿಯುವ ಹಣವನ್ನು ಕೌನ್ಸಿಲ್‌ಗಳು ತಮ್ಮ ಸಾಮಾನ್ಯ ಖರ್ಚಿಗೆ ಬಳಸುವಂತಿಲ್ಲ. 2012ರ ನಿಯಮಗಳ ಪ್ರಕಾರ ಅದನ್ನು ಬೀದಿ ಕಾಮಗಾರಿಗಳಿಂದ ಉಂಟಾಗುವ ಅಡಚಣೆ ಮತ್ತು ಇತರ ದುಷ್ಪರಿಣಾಮಗಳನ್ನು ತಗ್ಗಿಸುವ ಕಾರ್ಯಗಳಿಗೇ ವಿನಿಯೋಗಿಸಬೇಕಾಗಿತ್ತು. ಹೊಸ ತಂತ್ರಜ್ಞಾನದ ಪ್ರಯೋಗ, ಭೂಗತ ಕೊಳವೆ ಮತ್ತು ತಂತಿಗಳ ಮಾಹಿತಿ ಸಂಗ್ರಹ, ಸಂಚಾರ ನಿರ್ವಹಣೆಯ ಸುಧಾರಣೆ ಮೊದಲಾದವು ಈ ವ್ಯಾಪ್ತಿಗೆ ಬರುತ್ತವೆ.

ನಂತರದ ವರ್ಷಗಳಲ್ಲಿ ಗುಂಡಿಬಿದ್ದ ರಸ್ತೆಗಳು ಬ್ರಿಟನ್ನಿನಲ್ಲಿ ರಾಜಕೀಯ ಚರ್ಚೆಯ ವಿಷಯವಾದವು. ಹೆಚ್ಚುವರಿ ಹಣದ ಕನಿಷ್ಠ ಅರ್ಧ ಭಾಗವನ್ನು ರಸ್ತೆ ದುರಸ್ತಿಗೆ ಬಳಸಬೇಕೆಂಬ ಪ್ರಸ್ತಾವ 2023ರ ಅಕ್ಟೋಬರ್‌ನಲ್ಲಿ ಅಂದಿನ ಕನ್ಸರ್ವೇಟಿವ್ ಸರ್ಕಾರ ಪ್ರಕಟಿಸಿದ ವಾಹನ ಚಾಲಕರ ಕುರಿತ ಯೋಜನೆಯಲ್ಲಿ ಕಾಣಿಸಿಕೊಂಡಿತು. 2024ರಲ್ಲಿ ಅಧಿಕಾರಕ್ಕೆ ಬಂದ ಲೇಬರ್ ಸರ್ಕಾರವೂ ಇದೇ ನಿಲುವನ್ನು ಮುಂದುವರಿಸಿತು.

ಈ ಬದಲಾವಣೆ ಯೋಜನೆಯ ಮೂಲತತ್ತ್ವಕ್ಕೆ ಸಂಬಂಧಿಸಿದ ಪ್ರಶ್ನೆಯನ್ನು ಎತ್ತುತ್ತದೆ. ಶುಲ್ಕದ ಗುರಿ ಅಡಚಣೆಯನ್ನು ತಪ್ಪಿಸುವುದಾದರೆ, ಎಲ್ಲ ಸಂಸ್ಥೆಗಳೂ ದಟ್ಟಣೆಯ ಸಮಯವನ್ನು ಬಿಟ್ಟು ಕೆಲಸ ಮಾಡಿ, ಕೌನ್ಸಿಲ್‌ಗೆ ಏನೂ ಆದಾಯ ಬಾರದಿರುವುದೇ ಆದರ್ಶ ಫಲಿತಾಂಶ. ಗುಂಡಿ ಮುಚ್ಚುವ ಹಣ ಇದೇ ಆದಾಯವನ್ನು ಅವಲಂಬಿಸಿದರೆ ಶುಲ್ಕ ಸಂಗ್ರಹ ಮುಂದುವರಿಯುವುದರಲ್ಲಿಯೇ ಕೌನ್ಸಿಲ್‌ಗೆ ಹಿತಾಸಕ್ತಿ ಬೆಳೆಯುವ ಸಾಧ್ಯತೆಯಿದೆ. ಪದೇ ಪದೇ ನಡೆಯುವ ಅಗೆತದಿಂದ ರಸ್ತೆಯ ಆಯುಷ್ಯ ಕುಗ್ಗುವುದರಿಂದ, ಅಗೆಯುವವರು ನೀಡಿದ ಹಣದಲ್ಲಿ ಒಂದು ಪಾಲು ದುರಸ್ತಿಗೆ ಹೋಗುವುದು ನ್ಯಾಯವೇ ಎಂಬುದು ಇದಕ್ಕೆ ಪ್ರತಿಯಾದ ವಾದ.

ಟೀಕೆಗಳು ಮತ್ತು ಮಿತಿಗಳು

ಸೇವಾ ಸಂಸ್ಥೆಗಳ ಮುಖ್ಯ ಆಕ್ಷೇಪ ವೆಚ್ಚಕ್ಕೆ ಸಂಬಂಧಿಸಿದೆ. ನೀರು ಮತ್ತು ಅನಿಲ ಪೂರೈಸುವ ಕಂಪನಿಗಳ ವೆಚ್ಚವು ಅಂತಿಮವಾಗಿ ಗ್ರಾಹಕರ ಬಿಲ್ಲಿನಲ್ಲಿ ಪ್ರತಿಫಲಿಸುವುದರಿಂದ, ಬಾಡಿಗೆಯ ಹೊರೆಯನ್ನು ಜನಸಾಮಾನ್ಯರೇ ಹೊರಬೇಕಾಗುತ್ತದೆ ಎಂದು ಅವು ವಾದಿಸುತ್ತವೆ. ಶುಲ್ಕ ತಪ್ಪಿಸಬಹುದಾದದ್ದು ಎಂಬುದು ಕೌನ್ಸಿಲ್‌ಗಳ ಉತ್ತರ; ಕಾರ್ಯವಿಧಾನ ಬದಲಿಸಿಕೊಳ್ಳದ ಕಂಪನಿಯೇ ಹೆಚ್ಚು ಪಾವತಿಸುತ್ತದೆ.

ರಾತ್ರಿ ಕಾಮಗಾರಿಯಿಂದ ವಾಹನ ಸವಾರರಿಗೆ ಅನುಕೂಲವಾದರೂ ರಸ್ತೆಬದಿಯ ನಿವಾಸಿಗಳಿಗೆ ಯಂತ್ರಗಳ ಸದ್ದು ಮತ್ತು ಬೆಳಕಿನಿಂದ ತೊಂದರೆಯಾಗುತ್ತದೆ. ಕೌನ್ಸಿಲ್‌ನ ಸಂಚಾರ ವಿಭಾಗ ರಾತ್ರಿ ಕೆಲಸವನ್ನು ಉತ್ತೇಜಿಸುವಾಗ ಅದೇ ಕೌನ್ಸಿಲ್‌ನ ಪರಿಸರ ಆರೋಗ್ಯ ವಿಭಾಗವು ಶಬ್ದದ ಕಾರಣಕ್ಕೆ ಅದನ್ನು ಮಿತಿಗೊಳಿಸಬೇಕಾದ ಸಂದರ್ಭಗಳು ಬರುತ್ತವೆ. ಕತ್ತಲಲ್ಲಿ ವಾಹನಗಳ ಪಕ್ಕದಲ್ಲೇ ದುಡಿಯುವ ಕಾರ್ಮಿಕರ ಸುರಕ್ಷತೆಯೂ ಗಮನಿಸಬೇಕಾದ ಅಂಶ. ಕಾಮಗಾರಿಯ ಸ್ಥಳದಲ್ಲಿ ಫಲಕ, ದೀಪ ಮತ್ತು ತಡೆಗಳನ್ನು ಇರಿಸುವ ಕುರಿತ ಸುರಕ್ಷತಾ ಸಂಹಿತೆಯನ್ನು ಎಲ್ಲ ಕಾಮಗಾರಿಗಳಲ್ಲೂ ಪಾಲಿಸಬೇಕು.

ವಾಹನ ಪಥಕ್ಕೆ ಮಾತ್ರ ಬೆಲೆಯಿದ್ದು ಪಾದಚಾರಿ ಮಾರ್ಗಕ್ಕೆ ಇಲ್ಲದಿದ್ದರೆ, ಮಣ್ಣಿನ ರಾಶಿ ಮತ್ತು ಸಾಮಗ್ರಿಗಳು ಪಾದಚಾರಿ ಮಾರ್ಗಕ್ಕೆ ಸರಿಯುವ ಸಂಭವವಿದೆ. ಗಾಲಿಕುರ್ಚಿ ಬಳಸುವವರು, ದೃಷ್ಟಿದೋಷವುಳ್ಳವರು ಮತ್ತು ಮಕ್ಕಳ ಗಾಡಿ ತಳ್ಳುವವರಿಗೆ ಇದರಿಂದ ಹೆಚ್ಚು ತೊಂದರೆ.

ತುರ್ತು ಕಾಮಗಾರಿಗಳು ಮತ್ತೊಂದು ವಿವಾದದ ವಿಷಯ. ಒಡೆದ ಕೊಳವೆ ರಾತ್ರಿಯವರೆಗೆ ಕಾಯುವುದಿಲ್ಲವಾದ್ದರಿಂದ ಇಂತಹ ಕೆಲಸಗಳಿಗೆ ವಿನಾಯಿತಿ ಸಹಜ. ಆದರೆ ಮೊದಲೇ ಯೋಜಿಸಬಹುದಾಗಿದ್ದ ಕೆಲಸವನ್ನೂ ತುರ್ತೆಂದು ವರ್ಗೀಕರಿಸಿ ಮುಂಚಿತ ಅನುಮತಿಯನ್ನು ತಪ್ಪಿಸಿಕೊಳ್ಳಲಾಗುತ್ತಿದೆ ಎಂಬ ದೂರು ಕೌನ್ಸಿಲ್‌ಗಳಿಂದ ಕೇಳಿಬಂದಿದೆ.

ಇತ್ತೀಚಿನ ಬೆಳವಣಿಗೆಗಳು

2025ರಲ್ಲಿ ಬ್ರಿಟನ್ನಿನ ಸಂಸತ್ತಿನ ಕೆಳಮನೆಯ ಸಾರಿಗೆ ಸಮಿತಿಯು ಬೀದಿ ಕಾಮಗಾರಿಗಳ ಪರಿಣಾಮವನ್ನು ಕುರಿತು ವಿಚಾರಣೆ ನಡೆಸಿ ವರದಿ ಪ್ರಕಟಿಸಿತು. ಲೇನ್ ಬಾಡಿಗೆಯನ್ನು ಅಳವಡಿಸಿಕೊಳ್ಳಲು ಬಯಸುವ ಪ್ರಾಧಿಕಾರಗಳಿಗೆ ಪ್ರಕ್ರಿಯೆಯನ್ನು ಸುಲಭಗೊಳಿಸಬೇಕೆಂಬುದು ಅದರ ಶಿಫಾರಸುಗಳಲ್ಲಿ ಒಂದಾಗಿತ್ತು. ಯೋಜನೆಗಳಿಗೆ ಒಪ್ಪಿಗೆ ನೀಡುವ ಅಧಿಕಾರವನ್ನು ಕೇಂದ್ರ ಸಚಿವರಿಂದ ಪ್ರಾದೇಶಿಕ ಮೇಯರ್‌ಗಳಿಗೆ ವರ್ಗಾಯಿಸುವ ಪ್ರಸ್ತಾವವನ್ನೂ ಸರ್ಕಾರ ಮುಂದಿಟ್ಟಿತು. ನಿಗದಿತ ದಂಡದ ಮೊತ್ತವನ್ನು ದ್ವಿಗುಣಗೊಳಿಸುವ ಹಾಗೂ ವಾರಾಂತ್ಯ ಮತ್ತು ಸಾರ್ವಜನಿಕ ರಜಾದಿನಗಳಿಗೂ ವಿಳಂಬ ಶುಲ್ಕವನ್ನು ವಿಸ್ತರಿಸುವ ನಿರ್ಧಾರಗಳು ಇದೇ ಅವಧಿಯಲ್ಲಿ ಪ್ರಕಟವಾದವು.

ಸ್ಕಾಟ್ಲೆಂಡ್ ಬೇರೊಂದು ಮಾರ್ಗವನ್ನು ಅನುಸರಿಸಿದೆ. 2005ರ ಸ್ಕಾಟ್ಲೆಂಡ್ ಸಾರಿಗೆ ಕಾಯ್ದೆಯ ಅಡಿಯಲ್ಲಿ ಅಲ್ಲಿ ರಸ್ತೆ ಕಾಮಗಾರಿ ಆಯುಕ್ತರ ಸ್ವತಂತ್ರ ಹುದ್ದೆಯನ್ನು ಸೃಷ್ಟಿಸಲಾಗಿದೆ. ಕಾಮಗಾರಿಗಳ ರಾಷ್ಟ್ರೀಯ ದಾಖಲೆಯನ್ನು ನಿರ್ವಹಿಸುವುದು, ಸೇವಾ ಸಂಸ್ಥೆಗಳು ಮತ್ತು ರಸ್ತೆ ಪ್ರಾಧಿಕಾರಗಳೆರಡರ ಕಾರ್ಯವೈಖರಿಯನ್ನೂ ಗಮನಿಸುವುದು ಮತ್ತು ಕರ್ತವ್ಯಲೋಪಕ್ಕೆ ದಂಡ ವಿಧಿಸುವುದು ಈ ಆಯುಕ್ತರ ಹೊಣೆಗಳಲ್ಲಿ ಸೇರಿವೆ.